ಓಡುವ ಹೆಂಗಸಿಗೆ ಬೇಕಾದ ಸಾಮಾನಿನ ಕುರಿತು ಸವಿನಯ ತಕರಾರು

ಬೆಂಗಳೂರಿನ ವಾರಪತ್ರಿಕೆಯ ಮಹಿಳಾ ಪುಟವನ್ನು ಬೆಳಗುತ್ತಿರುವ ಮಾನ್ಯರೇ,

ದೊಡ್ಡಬಳ್ಳಾಪುರದ ಪಕ್ಕ, ಘಾಟಿ ರಸ್ತೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿರುವ ಆದಿಲಕ್ಷ್ಮಮ್ಮ ಎಂಬ ನಾನು, ನನ್ನ ಎರಡು ಮಂಡಿಗಳ ಪರವಾಗಿಯೂ ಸೇರಿಸಿ, ತಮಗೆ ಸಾಷ್ಟಾಂಗ ನಮಸ್ಕಾರ ಅರ್ಪಿಸುತ್ತೇನೆ. ಸದ್ಯಕ್ಕೆ ಮಂಡಿ ಮಡಚಲು ಬಾರದ ಕಾರಣ ಇದನ್ನು ಕಾಗದದ ಮೇಲೆಯೇ ಸ್ವೀಕರಿಸಬೇಕು.

ಈ ಸಲದ ತಾಲ್ಲೂಕು ಶಿಕ್ಷಕರ ಕ್ರೀಡಾಕೂಟದ ಮಹಿಳಾ ಓಟಕ್ಕೆ ನಮ್ಮ ಹೆಡ್ ಮಾಸ್ತರರು ತಮಾಷೆಗೆಂದು ನನ್ನ ಹೆಸರು ಬರೆದು, “ನೀವು ಒಂದು ಸಲ ಓಡಿದ್ರೆ ಸಾಕು ಮೇಡಂ, ಮೈದಾನಕ್ಕೆ ರೋಲರ್ ತರ್ಸೋದು ತಪ್ಪುತ್ತೆ” ಎಂದು ಸ್ಟಾಫ್ ರೂಮನ್ನೆಲ್ಲ ನಗಿಸಿದರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಆಮೇಲೆ ಓಡಿಯೇ ತೋರಿಸುತ್ತೇನೆಂದು ಹಟ ಹಿಡಿದೆ. ಅದೇ ವಾರ ತಮ್ಮ ‘ಹೊಸದಾಗಿ ಓಡುವ ಮಹಿಳೆಯರಿಗೆ ಅತ್ಯಗತ್ಯ ಸಲಕರಣೆಗಳು’ ಎಂಬ ಲೇಖನ ಬಂದದ್ದು ದೈವಸಂಕಲ್ಪವಲ್ಲದೆ ಮತ್ತೇನು?

ಮೊದಲು ಬೂಟು ಎಂದಿರಿ. ದೊಡ್ಡಬಳ್ಳಾಪುರದ ಅಂಗಡಿಯಾತ “ಮಗ ಎಷ್ಟನೇ ಕ್ಲಾಸಮ್ಮಾ?” ಎಂದು ಕೇಳಿದ, ನನಗೇ ಎಂದಾಗ ಪಕ್ಕದ ಪಾತ್ರೆ ಅಂಗಡಿಯವರನ್ನೂ ಕರೆದು ನನ್ನನ್ನು ತೋರಿಸಿದ. ಕೊನೆಗೆ ಹುಡುಗರ ಬಿಳಿ ಕ್ಯಾನ್ವಾಸ್ ಬೂಟಿಗೆ ಒಡತಿಯಾದೆ. ಬೆವರು ಹೀರುವ ಬಟ್ಟೆ ತೊಡಿ ಎಂದಿರಿ. ಮಾನ್ಯರೇ, ಬೀದಿಬೀದಿಯಲ್ಲೂ ಪಾಲಿಯೆಸ್ಟರ್ ಸೀರೆ ನೇಯುವ ಊರಿನ ಪಕ್ಕದವಳು ನಾನು. ನನ್ನ ಬೀರುವಿನಲ್ಲಿರುವ ಸೀರೆಗಳಿಗೂ ಬೆವರಿಗೂ ಮಾತುಕತೆಯೇ ಇಲ್ಲ.

‘ಎದೆಗೆ ಭದ್ರವಾದ ಆಸರೆ ನೀಡುವ ವಿಶೇಷ ಒಳ ಉಡುಪು’ ಎಂದು ತಾವು ಒಂದೇ ಸಾಲಿನಲ್ಲಿ ದಾಟಿಹೋದ ವಸ್ತುವಿಗಾಗಿ ದರ್ಜಿ ಪಿಳ್ಳಣ್ಣನ ಬಳಿ ಹೋದೆ. ನಾನು ಕ್ಯಾಲೆಂಡರ್ ನೋಡುತ್ತ ವಿವರಿಸಿದೆ, ಅವನು ಕತ್ತರಿ ನೋಡುತ್ತ ಕೇಳಿಸಿಕೊಂಡ. ಇಬ್ಬರಿಗೂ ಏನೂ ತಿಳಿಯಲಿಲ್ಲ. ಜೊತೆಗಿದ್ದ ನನ್ನ ನಾದಿನಿ ಕದಿರಮ್ಮನೇ ಕೊನೆಗೆ, “ಓಡುವಾಗ ಏನೂ ಕುಣೀಬಾರ್ದು ಕಣಣ್ಣ, ಹಂಗೆ ಹೊಲಿ!” ಎಂದು ಇಡೀ ಬೀದಿಗೆ ತಿಳಿಯುವಂತೆ ಹೇಳಿದಳು. ಪಿಳ್ಳಣ್ಣ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯನ್ನು ಎರಡು ಪದರ ಕೊಟ್ಟು ಹೊಲಿದ. ಅದನ್ನು ತೊಟ್ಟ ಮೇಲೆ ಉಸಿರು ಕೂಡ ಅಪ್ಪಣೆ ಕೇಳಿಕೊಂಡೇ ಒಳಗೆ ಬರುತ್ತಿತ್ತು.

ಹೀಗೆ ಸಜ್ಜಾಗಿ ಒಂದು ಬೆಳಗ್ಗೆ ಓಡತೊಡಗಿದೆ. ನಮ್ಮೂರಿನಲ್ಲಿ ಹೆಂಗಸು ಓಡಿದರೆ ಒಂದೋ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಯಾರೋ ಹೋಗಿರಬೇಕು. “ಅಯ್ಯೋ, ಯಾರಿಗೇನಾಯ್ತಮ್ಮಾ?” ಎಂದು ಮನೆಮನೆಯಿಂದಲೂ ಕೂಗಿದರು. ಉತ್ತರಿಸಲು ಪಿಳ್ಳಣ್ಣನ ಹೊಲಿಗೆ ಬಿಡಲಿಲ್ಲ. ಅರ್ಧ ಊರು ನನ್ನ ಹಿಂದೆ ಓಡಿಬಂತು. ನಾನು ದಮ್ಮು ಕಟ್ಟಿ ನಿಂತದ್ದು, ದುರದೃಷ್ಟಕ್ಕೆ, ಹಣ್ಣು ಮುದುಕಿ ಅಮ್ಮಯಮ್ಮನ ಬಾಗಿಲಲ್ಲಿ. ಜನ ಕೂಡಲೇ ಗೋಳೋ ಎಂದು ಅತ್ತರು. ಅಮ್ಮಯಮ್ಮ ಪೊರಕೆ ಹಿಡಿದು ಹೊರಬಂದು, “ಯಾರ್ರೇ ಸತ್ತಿದ್ದು?” ಎಂದಳು, ಯಾರೂ ಅಳು ನಿಲ್ಲಿಸದಿದ್ದಾಗ, ಯಾರಾದರಾಗಲಿ ಎಂದು ತಾನೂ ಕೂತು ಅತ್ತಳು.

ಆಗ ಕದಿರಮ್ಮ, “ಕೈಲಿ ಒಂದು ಚೊಂಬು ಹಿಡ್ಕೊಂಡು ಓಡಿ ಅತ್ತಿಗೆ, ಯಾರೂ ಏನೂ ಕೇಳಲ್ಲ” ಎಂದಳು. ತಮ್ಮ ಲೇಖನದಲ್ಲಿ ಇಲ್ಲದಿದ್ದ ಈ ಸಲಕರಣೆಯ ಮಹಿಮೆಯನ್ನು ಏನೆಂದು ವರ್ಣಿಸಲಿ! ಮಾರನೇ ದಿನ ಕೆರೆ ಏರಿಯ ಮೇಲೆ ನಾನು ಬರುತ್ತಿದ್ದಂತೆ ಗಂಡಸರೆಲ್ಲ ಮರ್ಯಾದೆಯಿಂದ ಮುಖ ತಿರುಗಿಸಿದರು. ಆದರೆ ಮತ್ತೆ ಮತ್ತೆ ಚೊಂಬು ಹಿಡಿದು ಅತ್ತಿಂದಿತ್ತ ಓಡಿದ್ದನ್ನು ಕಂಡವರು, ಸಂಜೆಯ ಹೊತ್ತಿಗೆ ದಾಳಿಂಬೆ ಸಿಪ್ಪೆಯ ಕಷಾಯ, ಓಮದ ನೀರು, ಮಜ್ಜಿಗೆಯೊಂದಿಗೆ ಮನೆಗೆ ಬಂದು ನನ್ನ ಹೊಟ್ಟೆಯ ಕ್ಷೇಮ ವಿಚಾರಿಸಿದರು. ಎಲ್ಲವನ್ನೂ ಕುಡಿಸಿಯೇ ಹೋದರು.

ಕ್ರೀಡಾಕೂಟದ ದಿನ ಸೀರೆಗೆ ಕಚ್ಚೆ ಹಾಕಿ ಗೆರೆಯ ಮೇಲೆ ನಿಂತೆ. ಸೀಟಿ ಊದಿದರು. ಎಲ್ಲರಿಗಿಂತ ಹಿಂದೆ ಬಿದ್ದು, ಹೆಡ್ ಮಾಸ್ತರರ ನಗು ಕಿವಿಗೆ ಬೀಳುತ್ತಿದ್ದಾಗಲೇ, ಪಿಳ್ಳಣ್ಣನ ಹೊಲಿಗೆ ಪಟಪಟನೆ ಬಿಟ್ಟುಕೊಂಡಿತು. ಎದೆ ತುಂಬ ಗಾಳಿ ನುಗ್ಗಿತು. “ಬಿಡ್ಬೇಡಿ ಅತ್ತಿಗೆ, ನುಗ್ಗಿ!” ಎಂದು ಕದಿರಮ್ಮ ಅರಚಿದಳು. ಮೈನೆರೆದ ದಿನ ನಮ್ಮಜ್ಜಿ “ಇನ್ಮೇಲೆ ಓಡ್ಬಾರ್ದು ಕಣೇ” ಎಂದಿದ್ದರು. ಅಂದು ನಿಂತಿದ್ದ ಕಾಲುಗಳು ನನ್ನನ್ನು ಕೇಳದೆಯೇ ಓಡಿದವು. ಕುಣಿಯಬೇಕಾದದ್ದೆಲ್ಲ ಕುಣಿಯಿತು, ನಾನು ಲೆಕ್ಕಿಸಲಿಲ್ಲ. ಒಬ್ಬೊಬ್ಬರನ್ನೇ ಹಿಂದೆ ಹಾಕಿ ಎರಡನೆಯವಳಾಗಿ ಮುಟ್ಟಿದೆ. ಮೊದಲನೆಯವರು ಇನ್ನೊಂದು ಶಾಲೆಯ ಹೊಲಿಗೆ ಟೀಚರ್. ಅವರು ಬರಿಗಾಲಿನಲ್ಲಿ ಓಡಿದರು. ತಮ್ಮ ಪತ್ರಿಕೆಯನ್ನೂ ಓದುವುದಿಲ್ಲವಂತೆ.

“ನಿಜವಾಗ್ಲೂ ಓಡ್ಬಿಟ್ರಲ್ಲ ಮೇಡಂ!” ಎಂದು ಹೆಡ್ ಮಾಸ್ತರರು ಕೈಮುಗಿದರು. ಮುಂದಿನ ವರ್ಷದ ಗಂಡಸರ ಓಟಕ್ಕೆ ಅವರ ಹೆಸರನ್ನು ನಾನೇ ಬರೆದು ಬಂದಿದ್ದೇನೆ.

ಆದಕಾರಣ, ಯಾಕೆ ಓಡುತ್ತೀ ಎಂದು ಕೇಳುವವರಿಗೆ ಓಡುತ್ತಲೇ, ಒಂದೇ ಉಸಿರಿನಲ್ಲಿ, ಅತ್ತೆಯೂ ಒಪ್ಪುವಂತೆ ಕೊಡಬಹುದಾದ ಒಂದು ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಸಲಕರಣೆಗಳ ಜೊತೆ ಸೇರಿಸಬೇಕಾಗಿ ಪ್ರಾರ್ಥನೆ.

ಇನ್ನೂ ಏದುಸಿರು ಬಿಡುತ್ತಿರುವ,
ತಮ್ಮ ವಿಶ್ವಾಸಿ,
ಆದಿಲಕ್ಷ್ಮಮ್ಮ

ಮರೆತ ಮಾತು: ತಮ್ಮ ಲೇಖನದೊಂದಿಗೆ ಅಚ್ಚಾಗಿರುವ ಚಿತ್ರದಲ್ಲಿ ‘ಓಡುತ್ತಿರುವ’ ತರುಣಿಯ ಎರಡು ಪಾದಗಳೂ ನೆಲದ ಮೇಲೆ ಭದ್ರವಾಗಿ ಊರಿವೆ, ಮುಡಿದ ಗುಲಾಬಿಯ ಒಂದು ಎಸಳೂ ಅಲುಗಿಲ್ಲ. ಆಕೆ ಎಂದಾದರೂ ಹೊರಟರೆ ದಯವಿಟ್ಟು ತಿಳಿಸಿ.