ನಲ್ಲಿ ಅಜ್ಜಿಯ ಅರವತ್ತನಾಲ್ಕು ಅಕ್ಷರಗಳು

ಮನವಿ ಸ್ವೀಕಾರ ಇಲಾಖೆ
ಸುತ್ತೋಲೆ ಸಂಖ್ಯೆ: ಮಸ್ವೀಇ/ಹ್ಯಾಶ್/17/ತಿದ್ದುಪಡಿ-9

ವಿಷಯ: ಹ್ಯಾಶ್ ಆಗಿರುವ ಮನವಿಗಳನ್ನು ಪುನಃ ಮನವಿಗಳನ್ನಾಗಿಸುವ ಕುರಿತು.
ಉಲ್ಲೇಖ: ನಲ್ಲಿ ಅಜ್ಜಿಯವರ ಒಂಬತ್ತು ಭೇಟಿಗಳು.

ಎಷ್ಟೇ ಉದ್ದದ ಮನವಿ ಕೊಟ್ಟರೂ ಇಲಾಖೆಯ ಪ್ರೋಗ್ರಾಂ ಅದನ್ನು ಅರವತ್ತನಾಲ್ಕು ಅಕ್ಷರಗಳ ಹ್ಯಾಶ್ ಎಂಬ ಗುರುತಿನ ಸಂಕೇತವಾಗಿಸುವುದನ್ನು ಕಂಡು, ಕಪಾಟಿನಲ್ಲಿ ಜಾಗ ಉಳಿಯಿತೆಂದು ಹಿರಿಹಿರಿ ಹಿಗ್ಗಿದ ಮೇಲಧಿಕಾರಿಗಳು 412 ಮೂಲ ಮನವಿಗಳನ್ನು ಚೂರು ಮಾಡಿಸಿರುತ್ತಾರೆ. ಈಗ ಅವನ್ನು ಓದಬೇಕಾಗಿದೆ. ಆದ್ದರಿಂದ ಸರ್ವರ ಗಮನಕ್ಕೆ ತರುವುದೇನೆಂದರೆ:

1. ಹ್ಯಾಶ್‌ನಿಂದ ಮನವಿಯನ್ನು ಹೊರತೆಗೆಯುವಂತೆ ಕಂಪ್ಯೂಟರ್ ಗುಮಾಸ್ತರಿಗೆ ಮೂರು ಜ್ಞಾಪನ ನೀಡಲಾಗಿತ್ತು. ಅವರು ಲಿಖಿತ ಉತ್ತರದಲ್ಲಿ, "ಬೀಸಿದ ಹಿಟ್ಟನ್ನ ಮತ್ತೆ ಕಾಳು ಮಾಡೋಕಾಗುತ್ತಾ ಸಾರ್? ನಾನು ಮೊದಲೇ ಬಡ್ಕೊಂಡೆ" ಎಂದಿರುತ್ತಾರೆ. ಬಡಿದುಕೊಂಡಿದ್ದಕ್ಕೆ ಕಡತದಲ್ಲಿ ದಾಖಲೆ ಇರುವುದಿಲ್ಲ.

2. ಸದರಿ ಹೇಳಿಕೆಯ ಪರಿಶೀಲನೆಗಾಗಿ ಮೂವರ ಸಮಿತಿಯು ಹಿಟ್ಟಿನ ಗಿರಣಿಗೆ ಭೇಟಿ ನೀಡಿತು. ಆಗುವುದಿಲ್ಲವೆಂದು ಗಿರಣಿಯವರು ದೃಢಪಡಿಸಿದರೂ, ಅವರು ಇಲಾಖೆಯ ನೌಕರರಲ್ಲವಾದ್ದರಿಂದ ಅಭಿಪ್ರಾಯವನ್ನು ತಿರಸ್ಕರಿಸಲಾಗಿದೆ. ಹಿಟ್ಟಿನ ಮಾದರಿ ಲಗತ್ತಿಸಿದೆ.

3. ಅರ್ಜಿದಾರರು ಮೊದಲು ಬರೆದಿದ್ದನ್ನೇ ಚುಕ್ಕಿ, ತೆರಪು (ಸ್ಪೇಸ್), ತಪ್ಪುಗಳ ಸಮೇತ ಪುನಃ ಸಲ್ಲಿಸತಕ್ಕದ್ದು. ಹ್ಯಾಶ್ ತಾಳೆಯಾದರೆ ಮಾತ್ರ ಸರದಿ ಉಳಿಯುವುದು. ಒಂದು ತೆರಪು ಹೆಚ್ಚುಕಡಿಮೆಯಾದರೂ ಅವರನ್ನು ಬೇರೆ ವ್ಯಕ್ತಿಯೆಂದು ಪರಿಗಣಿಸಲಾಗುವುದು.

4. ಮನೆಯ ನಲ್ಲಿಯಲ್ಲಿ ನೀರು ಬಾರದೆ ಎರಡು ವರ್ಷದಿಂದ ಮೂರು ಬೀದಿಯಾಚೆಯಿಂದ ಕೊಡ ಹೊರುತ್ತಿರುವ, ಸಿಬ್ಬಂದಿಯು ನಲ್ಲಿ ಅಜ್ಜಿ ಎಂದು ಕರೆಯುವ ಅರ್ಜಿದಾರರು ಸರದಿಯಲ್ಲಿ ಮೊದಲಿಗರು. ಮನವಿ ಬಾಯಿಪಾಠವಿದ್ದರೂ ಎಂಟು ಬಾರಿ ತಾಳೆಯಾಗದ ಕಾರಣ ಅವರು ಎಂಟು ಬೇರೆ ವ್ಯಕ್ತಿಗಳಾಗಿರುತ್ತಾರೆ. ಎಂಟೂ ಜನ ಒಂದೇ ಕುರ್ಚಿಯಲ್ಲಿ ಕುಳಿತದ್ದು ಆಕ್ಷೇಪಾರ್ಹ.

5. ಮೂಲ ಮನವಿಯನ್ನು ಅಂದು ತಾವೇ ಬೆರಳಚ್ಚು ಮಾಡಿದ್ದ ಗುಮಾಸ್ತರು, ಪ್ರತಿ ಸಾಲಿನ ಕೊನೆಗೆ ಒಂದು ತೆರಪು ಒತ್ತುವ ತಮ್ಮ ಹಳೇ ಚಾಳಿ ನೆನಪಾಗಿ, ಒಂಬತ್ತನೇ ಬಾರಿ ಹಾಗೆಯೇ ಬೆರಳಚ್ಚು ಮಾಡಿದರು. ಅರವತ್ತನಾಲ್ಕೂ ಅಕ್ಷರ ತಾಳೆಯಾದವು. "ಅಜ್ಜೀ, ಸಿಕ್ತು ನೋಡಿ" ಎಂದು ಅವರು ಕಚೇರಿ ವೇಳೆಯಲ್ಲಿ ಅತ್ತಿರುತ್ತಾರೆ. ಅಜ್ಜಿಯವರು ಸೆರಗಿನಿಂದ ಅವರ ಕಣ್ಣೊರೆಸಿರುತ್ತಾರೆ. ಎರಡಕ್ಕೂ ಪೂರ್ವಾನುಮತಿ ಪಡೆದಿರುವುದಿಲ್ಲ.

6. ಹೀಗೆ ಮರಳಿ ದೊರೆತದ್ದು ಮೂಲ ಮನವಿಯೇ ಆಗಿರುವುದರಿಂದ, ಮೂಲ ಮನವಿಗಳಿಗೆ ಅನ್ವಯಿಸುವ ನಿಯಮದಂತೆ ಅದನ್ನು ಅದೇ ದಿನ ಹ್ಯಾಶ್ ಮಾಡಿ, ಚೂರು ಮಾಡಲಾಗಿದೆ. ಅಜ್ಜಿಯವರು ಹತ್ತನೇ ಬಾರಿ ಹಾಜರಾಗತಕ್ಕದ್ದು.

(ಸಹಿ ಇದೆ, ತಾಳೆಯಾಗಿಲ್ಲ)
ಅಧೀಕ್ಷಕರು

ಪ್ರತಿಗಳು:
1. ಕಂಪ್ಯೂಟರ್ ಗುಮಾಸ್ತರಿಗೆ: ತೆರಪಿನ ದುರ್ಬಳಕೆಗೆ ಸಮಜಾಯಿಷಿ ನೀಡಲು.
2. ಗಿರಣಿಯವರಿಗೆ: ಲಗತ್ತಿಸಿದ ಹಿಟ್ಟನ್ನು ಕಾಳಾಗಿಸಿ ಹಿಂದಿರುಗಿಸಲು.
3. ನಲ್ಲಿ ಅಜ್ಜಿಯವರಿಗೆ: ಕಚೇರಿಯ ನಲ್ಲಿಯಲ್ಲೂ ನೀರು ನಿಂತುಹೋಗಿರುವುದರಿಂದ, ಬರುವಾಗ ಒಂದು ಕೊಡ ನೀರು ತರಲು.