ನೀರು ಬೇಕಾ ಅಂತ ಕೇಳದ ಊರು

ಕಟುಂ.

ಆ ಕಾಲದ ಹೊಸಪೇಟೆ ಎಂದರೆ ಎಲ್ಲರಿಗೂ ನೆನಪಾಗುವುದು ಅದಿರು ಲಾರಿಗಳ ಸದ್ದು. ಹಗಲು ರಾತ್ರಿ ಎನ್ನದೆ ಸಾಲುಗಟ್ಟಿ ಗುಡುಗುತ್ತಿದ್ದವು. ನನಗೆ ಮಾತ್ರ ಈ ಕಟುಂ ನೆನಪಾಗುತ್ತದೆ. ನಮ್ಮ ನಡುಮನೆಯ ಕುರ್ಚಿಯಲ್ಲಿ ಕೂತು ನನ್ನ ನಾದಿನಿ ಐಸ್ ಕ್ಯೂಬ್ ಕಡಿಯುವ ಸದ್ದು ಅದು. ಮೊದಲು ಬಹಳ ಹೊತ್ತು ಚೀಪುತ್ತಿದ್ದಳು, ಕಡಲೆಬೇಳೆಯಷ್ಟಾದ ಮೇಲೆ ಕಟುಂ. ಲಾರಿಗಳ ಗದ್ದಲದಲ್ಲೂ ಅದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

ಈ ನನ್ನ ನಾದಿನಿ ವಿಯೆನ್ನಾ ನಗರವನ್ನು ಅಲ್ಲಿಯ ಮೇಯರ್‌ಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು ಎಂದರೆ ನೀವು ನಂಬುವುದಿಲ್ಲ. ಯಾವ ಟ್ರಾಮ್ ಯಾವ ಚರ್ಚಿನ ಮುಂದೆ ನಿಲ್ಲುತ್ತದೆ, ಬೆಳಿಗ್ಗೆ ರೈಲು ಹತ್ತಿದರೆ ಯಾವ್ಯಾವ ಊರು ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದು, ಎಲ್ಲಾ ಬಾಯಿಪಾಠ. ಒಂದೇ ಕೊರತೆ ಎಂದರೆ ಅವಳು ವಿಯೆನ್ನಾಕ್ಕೆ ಹೋಗಿರಲಿಲ್ಲ. ಇಷ್ಟು ಸಣ್ಣ ಕೊರತೆ ಯಾರಿಗಿರುವುದಿಲ್ಲ ಹೇಳಿ?

ದೊಡ್ಡ ಕೊರತೆ ಬೇರೆಯೇ ಇತ್ತು. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ದಿನ ಬಿಟ್ಟು ದಿನ ನರ್ಸಿಂಗ್ ಹೋಮಿಗೆ ಹೋಗಿ, ಡಯಾಲಿಸಿಸ್ ಮಷಿನ್ನಿಗೆ ಕೈ ಕೊಟ್ಟು ನಾಲ್ಕು ತಾಸು ಮಲಗಬೇಕು. ಕುಡಿದ ನೀರು ಮೈಯಿಂದ ಹೊರಗೆ ಹೋಗಲು ಅವಳಿಗೆ ಅದೊಂದೇ ದಾರಿ. ಹಾಗಾಗಿ ನೀರಿಗೆ ರೇಷನ್. ಇಡೀ ದಿನಕ್ಕೆ ಒಂದು ದೊಡ್ಡ ಸ್ಟೀಲ್ ಲೋಟ, ಅದರಲ್ಲೇ ಸಾರು, ಅದರಲ್ಲೇ ಚಹಾ, ಅದರಲ್ಲೇ ಮಾತ್ರೆ ನುಂಗುವ ಗುಟುಕು. ನಮ್ಮೂರಿನ ಬಿಸಿಲಿನಲ್ಲಿ, ಆ ಕೆಂಪು ಧೂಳಿನಲ್ಲಿ, ಒಂದು ಲೋಟ. ಡ್ಯಾಮಿನ ಗೇಟು ತೆಗೆದ ದಿನ ಊರೆಲ್ಲ ನೋಡಲು ಓಡಿದರೆ ಇವಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. "ನೀರು ನೋಡಾಕ ಅಷ್ಟು ದೂರ ಯಾಕ ಹೋಗಬೇಕು, ಲೋಟದಾಗ ಕಾಣ್ತೈತಲ್ಲ," ಎನ್ನುತ್ತಿದ್ದಳು.

ಅವಳು ವಿಧವೆ, ಮಕ್ಕಳಿಲ್ಲ. ಕಂಪ್ಲಿಯಲ್ಲಿ ಗಂಡನ ಅಕ್ಕಿ ಗಿರಣಿಯನ್ನು ಒಬ್ಬಳೇ ನಡೆಸಿದವಳು, ಕಾಯಿಲೆ ಬಂದ ಮೇಲೆ ಬಳಗಕ್ಕೆ ಕಾರಣ ಹೇಳದೆ ಮಾರಿ ನಮ್ಮ ಮನೆಗೆ ಬಂದಿದ್ದಳು. ಅವಳು ಬಂದ ದಿನದಿಂದ ನಾವು ಮನೆಯವರೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಳ್ಳರಂತೆ ನೀರು ಕುಡಿಯುತ್ತಿದ್ದೆವು. ನಮ್ಮನೆಯವರು, ಅಂದರೆ ಅವಳ ಅಣ್ಣ, ಗುಟುಕಿನ ಸದ್ದು ಕೇಳಿಸಬಾರದೆಂದು ನಲ್ಲಿ ಬಿಟ್ಟುಕೊಂಡು ಕುಡಿಯುತ್ತಿದ್ದರು. ನಡುಮನೆಯಿಂದ ದನಿ ಬರುತ್ತಿತ್ತು:

"ಅಣ್ಣಾ, ನಲ್ಲಿ ಬಂದ್ ಮಾಡು. ಕುಡದದ್ದು ಗೊತ್ತಾತು."

ಆದರೆ ಅವಳಿಗೆ ಬಿಸಿಲಿಗಿಂತ ದೊಡ್ಡ ಶತ್ರು ನಮ್ಮ ಜನರ ಮ್ಯಾನರ್ಸ್. ನಮ್ಮ ಕಡೆ ಯಾರ ಮನೆಗೆ ಹೋದರೂ ಕುಂದ್ರಿ ಎನ್ನುವ ಮೊದಲೇ ಚೊಂಬು ಕೈಗೆ ಬರುತ್ತದೆ. ಒಲ್ಲೆ ಎಂದರೆ ಆ ಮನೆಯನ್ನೇ ಒಲ್ಲೆ ಎಂದ ಹಾಗೆ. ಹಾಗಾಗಿ ಅವಳು ಯಾರ ಮನೆಗೂ ಹೋಗುವುದನ್ನೇ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಸುಮ್ಮನೆ ಮಾತಿಗೆ ಮಾತು ಬಂದು ನಾನು ಹೇಳಿದೆ, ಬಳ್ಳಾರಿಯ ಕಾನ್ವೆಂಟಿನಲ್ಲಿ ನನಗೆ ಪಿಯಾನೋ ಕಲಿಸಿದ ಸಿಸ್ಟರ್ ವಿಯೆನ್ನಾದವರು, ಅವರ ಊರಿನಲ್ಲಿ ಅತಿಥಿ ಬಂದರೆ ಮೊದಲು ಅವರ ಕೋಟು ಇಸಿದುಕೊಂಡು ನೇತುಹಾಕುತ್ತಾರಂತೆ.

"ನೀರು?"

"ನೀರು ಕೊಡೋ ಪದ್ಧತಿ ಇಲ್ಲ."

"ಬೇಕಾ ಅಂತ ಕೇಳಂಗಿಲ್ಲ?"

"ಇಲ್ಲಂತ."

ಅವಳು ಐಸ್ ಚೀಪುವುದನ್ನು ನಿಲ್ಲಿಸಿದಳು. "ಥಂಡಿ ಊರೇನು?"

"ಬರ್ಫ ಬೀಳ್ತೈತಿ."

"ಹಂಗಂದ್ರ ನೀರಡಿಕಿನೂ ಆಗಂಗಿಲ್ಲ, ನೀರು ಕೇಳಾರೂ ಇಲ್ಲ. ಅತ್ತಿಗಿ, ಸಾಯೋದ್ರಾಗ ನಾನು ಆ ಊರಾಗ ಎಂಟು ದಿನ ಇದ್ದು ಬರಬೇಕು."

ತಮಾಷೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು, ಟ್ರಾವೆಲ್ ಏಜೆಂಟನ ಆಫೀಸಿಗೆ.

ಆಗ ಊರಲ್ಲಿ ಅದಿರಿನ ದುಡ್ಡು ಬಂದವರೆಲ್ಲ ಬ್ಯಾಂಕಾಕಿಗೆ ಬಜಾರಿಗೆ ಹೋದ ಹಾಗೆ ಹೋಗುತ್ತಿದ್ದರು. ಅವರ ಕೃಪೆಯಿಂದ ಏಜೆಂಟನ ಆಫೀಸಿಗೆ ಎಸಿ ಬಂದಿತ್ತು. ಆತ ಬಣ್ಣದ ಹಾಳೆ ಮುಂದಿಟ್ಟ. "ಯುರೋಪ್ ಪ್ಯಾಕೇಜ್ ಐತ್ರಿ ಮೇಡಂ. ಹನ್ನೆರಡು ದಿನ, ಒಂಬತ್ತು ದೇಶ."

"ಅದಿರು ಲಾರಿ ಸೈತ ಅಷ್ಟು ಟ್ರಿಪ್ ಹೊಡಿಯಂಗಿಲ್ಲಪಾ. ನಂಗ ಒಂದೇ ಊರು ಸಾಕು. ವಿಯೆನ್ನಾ. ಅಲ್ಲಿ ಒಂದು ಗೂಟ ಹೊಡ್ಕಂತೀನಿ. ಮುಂಜಾನಿ ಹೋಗಿ ಸುತ್ತ ಮೇದು, ಸಂಜಿಗೆ ಗೂಟಕ್ಕ ಬರ್ತೀನಿ."

"ಸಿಟಿ ಬೇಸ್, ಡೇ ಟ್ರಿಪ್ಸ್. ಹಂಗೇನ್ರಿ?"

"ಅದ. ನೀ ಇಂಗ್ಲಿಷಿನ್ಯಾಗ ಹೇಳಿದಿ, ನಾ ಎಮ್ಮಿ ಭಾಷಾದಾಗ ಹೇಳ್ದೆ."

ಗೂಟ ಯಾವುದು ಎಂದು ಆತನಿಗೆ ಅವಳು ಹೇಳಲಿಲ್ಲ. ಮಷಿನ್ ಇರುವ ಆಸ್ಪತ್ರೆಯೇ ಗೂಟ. ಮಷಿನ್ ಇಲ್ಲದ ದಿನ ಎಷ್ಟು ದೂರ ಹಗ್ಗ ಎಳೆಯುತ್ತದೋ ಅಷ್ಟೇ ಪ್ರಪಂಚ. ಮಾತು ಮುಗಿದಾಗ ಆತ ಭಾಳ ಪೋಲೈಟ್ ಆಗಿ ಫ್ರಿಜ್ಜಿನಿಂದ ಬೆವರು ಸುರಿಯುವ ಬಾಟಲಿ ತೆಗೆದು ಅವಳ ಮುಂದಿಟ್ಟ. "ನೀರು ತಗೋರಿ ಮೇಡಂ."

ಅವಳು ಬಾಟಲಿ ನೋಡಿದಳು. ನನ್ನನ್ನು ನೋಡಿದಳು. "ಅತ್ತಿಗಿ, ಜಲ್ದಿ ಟಿಕೆಟ್ ಮಾಡ್ಸ್ರಿ."

ನನ್ನ ಕಾನ್ವೆಂಟ್ ಇಂಗ್ಲಿಷು ಮದುವೆಯಾದ ಮೇಲೆ ಮೊದಲ ಸಲ ಕೆಲಸಕ್ಕೆ ಬಂತು. ಸೈಬರ್ ಕೆಫೆಯಲ್ಲಿ ಕೂತು ವಿಯೆನ್ನಾದ ಒಂದು ಆಸ್ಪತ್ರೆಗೆ ಈ-ಮೇಲ್ ಬರೆದೆ, ಡಿಯರ್ ಸರ್ ಆರ್ ಮ್ಯಾಡಮ್ ಎಂದು ಶುರುಮಾಡಿ. ಅಲ್ಲಿಂದಲೇ ಟ್ರಾಮಿನ ನಕ್ಷೆ, ರೈಲಿನ ವೇಳಾಪಟ್ಟಿ ಪ್ರಿಂಟ್ ತೆಗೆಸಿ ತಂದುಕೊಟ್ಟೆ, ಅವಳು ಕೂತು ಬಾಯಿಪಾಠ ಮಾಡತೊಡಗಿದಳು. ಉತ್ತರವೂ ಬಂತು. ಪೇಶೆಂಟಿನ ಡ್ರೈ ವೆಯ್ಟ್ ಎಷ್ಟು ಎಂದು ಕೇಳಿದ್ದರು, ಅಂದರೆ ಮೈಯಲ್ಲಿ ಹೆಚ್ಚಿನ ನೀರೆಲ್ಲ ತೆಗೆದ ಮೇಲಿನ ತೂಕ. ಅವಳಿಗೆ ಓದಿ ಹೇಳಿದೆ.

"ಎಷ್ಟು ಒಣಗೀನಿ ಅಂತ ಕೇಳ್ಯಾರ. ಭಾಳ ಒಣಗೀನಿ ಅಂತ ಬರೀರಿ."

ಜೊತೆಗೆ ಇಲ್ಲಿಯ ಡಾಕ್ಟರ ಪತ್ರ ಬೇಕಿತ್ತು. ನಮ್ಮ ಡಾಕ್ಟರು ಕನ್ನಡಕ ತೆಗೆದು ಅವಳನ್ನು ಬಹಳ ಹೊತ್ತು ನೋಡಿ ಒಂದು ಷರತ್ತು ಹಾಕಿದರು. ಹೊಸಪೇಟೆಯನ್ನೇ ವಿಯೆನ್ನಾ ಎಂದುಕೊಂಡು ಮೂರು ಡೇ ಟ್ರಿಪ್ ಮಾಡಿ ಬರಬೇಕು. ಪ್ರತಿ ಸಲ ಮರುದಿನ ತೂಕ ಹಾಕುತ್ತಾರೆ. ನೀರಿನ ತೂಕ ಮೇರೆ ಮೀರದಿದ್ದರೆ ಸಹಿ. "ಇಲ್ಲಿ ಪಾಸಾಗ್ರಿ, ಆಮ್ಯಾಲೆ ಆಸ್ಟ್ರಿಯಾ."

ಮೊದಲ ರಿಹರ್ಸಲ್ ಹಂಪಿ. ಚಳಿಗಾಲ. ಅವಳು ನನ್ನ ಹಳೇ ಓವರ್‌ಕೋಟು ಹಾಕಿಕೊಂಡು, ಕಿವಿ ತುಂಬ ಮಫ್ಲರ್ ಸುತ್ತಿಕೊಂಡು ಹೊರಟಳು. ಕಡ್ಡಿರಾಂಪುರ ದಾಟುವಷ್ಟರಲ್ಲಿ ಚಳಿ ಮುಗಿದಿತ್ತು, ಕೋಟು ಮಾತ್ರ ಬಿಚ್ಚಲೊಲ್ಲಳು. ನದಿಯ ದಂಡೆಯ ಬಂಡೆಯ ಮೇಲೆ ನಮ್ಮ ಪಕ್ಕದಲ್ಲೇ ಒಬ್ಬಳು ಬಿಳಿ ಹೆಣ್ಣುಮಗಳು ಪುಸ್ತಕ ಓದುತ್ತ ಕೂತಿದ್ದಳು. ಮಧ್ಯೆ ಮಧ್ಯೆ ತನ್ನ ಬಾಟಲಿ ಎತ್ತಿ ಕುಡಿಯುತ್ತಿದ್ದಳು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ವಾಪಸ್ ಬರುವಾಗ ನನ್ನ ನಾದಿನಿಯ ಮುಖ ಅರಳಿತ್ತು.

"ನೋಡಿದ್ರಿಲ್ಲೋ? ಅಷ್ಟೊತ್ತು ಬಾಜೂಕ ಕುಂತ್ರೂ ನೀರು ಬೇಕಾ ಅಂತ ಒಂದು ಮಾತು ಕೇಳ್ಲಿಲ್ಲ. ಎಂಥಾ ಒಳ್ಳೆ ಮಂದಿ."

ಪಾಸ್.

ಎರಡನೆಯದು ಕಂಪ್ಲಿ, ಅವಳ ಗಂಡನ ಕಡೆಯ ಬಳಗ. ಇದು ಕಷ್ಟದ ಪೇಪರ್. ಒಬ್ಬರು ಕಬ್ಬಿನ ಹಾಲು, ಒಬ್ಬರು ಮಜ್ಜಿಗೆ. ಕಾಯಿಲೆ ಎಂದು ಹೇಳಿಬಿಟ್ಟರೆ ಔಷಧಿ ಹೇಳುತ್ತಾರೆ, ಆ ಔಷಧಿಗಳೂ ನೀರೇ: ಎಳನೀರು, ಬಾರ್ಲಿ ನೀರು, ನೆಗ್ಗಿಲಮುಳ್ಳಿನ ಕಷಾಯ. ಆದ್ದರಿಂದ ಅವಳು ಏನೂ ಹೇಳದೆ, ಕೊಟ್ಟ ಚೊಂಬನ್ನು ತೀರ್ಥದಂತೆ ಹಣೆಗೊತ್ತಿ ಕೆಳಗಿಡುತ್ತಿದ್ದಳು. ಎಮ್ಮಿಗನೂರಿನಿಂದ ಅವಳನ್ನು ನೋಡಲೆಂದೇ ಬಂದಿದ್ದ ಅವಳ ಓರಗಿತ್ತಿ ಸೊಂಟದ ಮೇಲೆ ಕೈಯಿಟ್ಟಳು.

"ಯಾಕಬೇ, ನಮ್ಮ ನೀರು ಗಂಟಲದಾಗ ಇಳೀವಲ್ದೇನು? ಈಗ ಫಾರಿನ್ ನೀರೇ ಬೇಕೇನು?"

"ಹೂನಬೇ, ಫಾರಿನ್ ನೀರೇ ಬೇಕು."

ಸೊಕ್ಕು ಬಂದಿದೆ ಎಂದು ಬಳಗವೆಲ್ಲ ಮಾತಾಡಿಕೊಂಡಿತು. ದಾರಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತ, "ಪಾಪ ಅನ್ನಿಸ್ಕೊಳ್ಳೋದಕ್ಕಿಂತ ಸೊಕ್ಕು ಅನ್ನಿಸ್ಕೊಳ್ಳೋದು ಹಗುರ, ಅತ್ತಿಗಿ," ಎಂದಳು. ತೂಕದಲ್ಲೂ ಹಗುರವಾಗಿಯೇ ಪಾಸಾದಳು.

ಉಳಿದದ್ದು ಸಂಡೂರು. ನಡುವೆ ಅವಳ ಕೈಯ ಸೂಜಿ ಚುಚ್ಚುವ ಜಾಗ ಕೀವಾಗಿ ಚಳಿಗಾಲ ಕಳೆಯಿತು. ಬಿಸಿಲು ಬಂತು. ಮಳೆಗಾಲಕ್ಕೆ ಇಡೋಣ ಎಂದೆ. "ಮಳೆಗಾಲಕ್ಕ ನಾನಿರ್ತೀನೋ ಇಲ್ಲೋ, ಸಂಡೂರಂತೂ ಇರ್ತೈತಿ," ಎಂದಳು. ಹೊರಟೆವು. ಅವಳ ದಿನದ ಲೋಟ ಐಸ್ ಆಗಿ ಥರ್ಮಾಸಿನಲ್ಲಿತ್ತು.

ಹೋಗುವಾಗ ಎಲ್ಲ ಸರಿಯಿತ್ತು. ಗುಡ್ಡ ನೋಡಿದೆವು, ಗುಡಿ ನೋಡಿದೆವು. ಬರುವಾಗ ಯಶವಂತನಗರದ ಹತ್ತಿರ ಮುಂದೆಲ್ಲೋ ಒಂದು ಲಾರಿ ಅಡ್ಡ ಬಿದ್ದಿತ್ತು. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಲಾರಿಗಳು, ಆ ಲಾರಿಗಳ ನಡುವೆ ನಮ್ಮ ಕಾರು, ಹಲ್ಲಿನ ಸಂದಿಗೆ ಸಿಕ್ಕ ಎಳ್ಳಿನ ಹಾಗೆ. ಕಿಟಕಿ ಏರಿಸಿದರೆ ಒಲೆ, ಇಳಿಸಿದರೆ ಧೂಳು. ಥರ್ಮಾಸಿನ ಐಸ್ ಕರಗಿ ಅದೂ ಮುಗಿಯಿತು. ಅವಳ ತುಟಿಯ ಮೇಲೆ ಕೆಂಪು ಪದರ ಕೂತಿತ್ತು. ನಾಲಿಗೆಯಿಂದ ಸವರಿಕೊಳ್ಳಲು ನೋಡಿದಳು, ನಾಲಿಗೆಯೂ ಒಣಗಿತ್ತು. ಅಂದು ನಾನೂ ನೀರು ಮುಟ್ಟಿರಲಿಲ್ಲ. ಅವಳ ಮುಂದೆ ಹೇಗೆ ಕುಡಿಯುವುದು?

ರಸ್ತೆಯ ಪಕ್ಕದ ತಗಡಿನ ಮನೆಯಿಂದ ಒಬ್ಬ ಹೆಣ್ಣುಮಗಳು ಸೊಂಟದ ಮೇಲೆ ಕೊಡ, ಕೈಯಲ್ಲಿ ಚೊಂಬು ಹಿಡಿದು ಬಂದಳು. ಸಿಕ್ಕಿಬಿದ್ದವರಿಗೆಲ್ಲ ನೀರು ಕೊಡುತ್ತ ಬರುತ್ತಿದ್ದಳು. ಡ್ರೈವರ್‌ಗಳು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ನಮ್ಮ ಕಾರಿನ ಹತ್ತಿರ ಬಂದು ಚೊಂಬು ತುಂಬಿ ಚಾಚಿದಳು. "ಕುಡೀರಿಯವ್ವಾ."

"ಬ್ಯಾಡವ್ವಾ," ಎಂದಳು ನನ್ನ ನಾದಿನಿ.

"ಕೆಂಪು ಇಲ್ರಿ. ಅರಿವಿಲೆ ಸೋಸೀನಿ."

"ಬ್ಯಾಡ."

ಆಕೆ ಚೊಂಬು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಹಣೆಯ ವಿಭೂತಿಯನ್ನು, ಕೊರಳಿನ ಲಿಂಗದ ದಾರವನ್ನು ನೋಡಿದಳು. ಸಿಟ್ಟಿಲ್ಲ, ಏನಿಲ್ಲ, ಬಸ್ಸಿನ ಹೊತ್ತು ಕೇಳಿದ ಹಾಗೆ ಕೇಳಿದಳು:

"ನಮ್ಮ ಮನಿ ನೀರು ಅಂತ ಬ್ಯಾಡೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ನಾದಿನಿ ಕೈ ಚಾಚಿ ಚೊಂಬು ಇಸಿದುಕೊಂಡಿದ್ದಳು. ಎತ್ತಿ ಕುಡಿದಳು. ಗಟಗಟ, ಗಟಗಟ. ಒಂದು ಚೊಂಬು ಪೂರಾ. ನಾನು ಅವಳ ಮೊಣಕೈ ಹಿಡಿದೆ. ಅವಳು ಕೊಡವಿಕೊಂಡು ಖಾಲಿ ಚೊಂಬು ಮುಂದೆ ಮಾಡಿದಳು. ಆಕೆ ನಗುತ್ತ ಮತ್ತೆ ತುಂಬಿದಳು. ಅದೂ ಪೂರಾ.

ಆಕೆ ಮುಂದಿನ ಲಾರಿಗೆ ಹೋದ ಮೇಲೆ ನಾನು ಕೇಳಿದೆ, "ಕಾಯಿಲೆ ಅಂತ ಹೇಳಿದ್ರ ಆಗ್ತಿತ್ತು. ಯಾಕ ಕುಡದಿ?"

"ಆಕಿ ಏನು ಕೇಳಿದ್ಲು ಕೇಳ್ಸಿತಿಲ್ಲೋ ನಿಮಗ? ಹಂಗ ಕೇಳಿದ ಮ್ಯಾಲೆ ನಾನು ಕಿಡ್ನಿ ಕತಿ ಹೇಳಿದ್ರ ಆಕಿ ನಂಬ್ತಿದ್ಲೇನು?"

ಆಮೇಲೆ ಅವಳೇ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೇಳಿದಳು:

"ನನ್ನ ದೊಡ್ಡಾಕಿ ಮಾಡಬ್ಯಾಡ್ರಿ ಅತ್ತಿಗಿ. ಮೊದಲ್ನೇ ಚೊಂಬು ಆಕಿ ಸಲುವಾಗಿ. ಎರಡನೇದು ನನ್ನ ಸಲುವಾಗಿ."

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಬೆಳಗಾಗುವುದರೊಳಗೆ ಅವಳು ಮಲಗಿ ಉಸಿರಾಡಲು ಆಗದೆ ಎದ್ದು ಕೂತಿದ್ದಳು. ನರ್ಸಿಂಗ್ ಹೋಮಿನ ಮಷಿನ್ ನೀರು ತೆಗೆಯಿತು, ಆದರೆ ಮೊದಲೇ ಸೋತಿದ್ದ ಹೃದಯ ಇನ್ನಷ್ಟು ಸೋತಿತು. ಡಾಕ್ಟರು ಪತ್ರದ ಮಾತೇ ಎತ್ತಲಿಲ್ಲ. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವಳು ಅಲ್ಲಿದ್ದಾಗ ಟ್ರಾವೆಲ್ ಏಜೆಂಟ್ ಫೋನ್ ಮಾಡಿದ, ಮೇಡಂ, ವಿಯೆನ್ನಾ ಬುಕ್ ಮಾಡಬೇಕೇನ್ರಿ ಎಂದು. ನಮ್ಮನೆಯವರು ಫೋನು ಅವಳ ಕಿವಿಗೆ ಹಿಡಿದರು.

"ಬ್ಯಾಡಪಾ," ಎಂದಳಂತೆ, "ಗೂಟ ಕಿತ್ತೀವಿ."

ಈಚೆಗೆ ವಿಯೆನ್ನಾ ನೋಡಿ ಬಂದವರೊಬ್ಬರು ಹೇಳಿದರು, ಅಲ್ಲಿಯ ಕಾಫಿ ಹೋಟೆಲುಗಳಲ್ಲಿ ಕಾಫಿ ತರಿಸಿದರೆ, ಕೇಳದೆಯೇ, ಜೊತೆಗೆ ಒಂದು ಗ್ಲಾಸ್ ನೀರು ತಂದಿಡುತ್ತಾರಂತೆ. ಅದೇ ಅಲ್ಲಿಯ ಪದ್ಧತಿಯಂತೆ. ನಮ್ಮ ಸಿಸ್ಟರ್ ಹೋಟೆಲಿಗೆ ಹೋದವರಲ್ಲ, ಅವರಿಗೆ ಹೇಗೆ ಗೊತ್ತಿರಬೇಕು? ಅವಳಿದ್ದಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸುತ್ತೇನೆ. ಬೇರೆ ಊರು ಹುಡುಕ್ರಿ ಅತ್ತಿಗಿ, ಎನ್ನುತ್ತಿದ್ದಳು, ಖಂಡಿತ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಬಳ್ಳಾರಿಯ ವಾರ್ಡಿನಲ್ಲಿ. ಬಿರುಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದು, ಮೈಮೇಲಿನ ಧೂಳನ್ನೂ ಕೊಡವದೆ ಅವಳ ಮಂಚದ ಪಕ್ಕ ಕೂತೆ. ಅವಳು ತೀರ ಸಣ್ಣಗಾಗಿದ್ದಳು. ಕಣ್ಣು ಮಾತ್ರ ಗಿರಣಿಯ ತಕ್ಕಡಿ ನೋಡುತ್ತಿದ್ದ ಕಣ್ಣು.

"ನೀರು ಕುಡದ್ರೇನು?"

"ಹೂಂ. ಕುಡದು ಬಂದೀನಿ."

"ಸುಳ್ಳು. ತುಟಿ ಒಡದಾವ." ಪಕ್ಕದ ಮಂಚದವರ ಕಡೆಯ ಹೆಂಗಸನ್ನು ಕರೆದಳು. "ಯವ್ವಾ, ನಮ್ಮ ಅತ್ತಿಗಿ ಹೊಸಪ್ಯಾಟಿಯಿಂದ ಬಂದಾರ. ನಿಮ್ಮ ಕೊಡದಾಗಿಂದ ಒಂದು ಲೋಟ ಕೊಡ್ರಿ."

ಲೋಟ ಬಂತು. ನಾನು ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ತಿರುಗಿದೆ.

"ಬಾಗಲ ಹಿಂದ ಹೋಗಬ್ಯಾಡ್ರಿ. ನನ್ನ ಕಡಿ ಬಂದಾರಿಗೆ ನೀರು ಕೊಟ್ಟು ಎಷ್ಟು ವರ್ಷ ಆತು. ಇಲ್ಲೇ ಕುಂತು ಕುಡೀರಿ. ಸಪ್ಪಳ ಮಾಡ್ಕೋಂತ."

ಕುಡಿದೆ. ಅವಳು ಕಣ್ಣು ಮುಚ್ಚಿ ದಿಂಬಿಗೆ ತಲೆಯಿಟ್ಟು ಕೇಳುತ್ತಿದ್ದಳು. ಲೋಟ ಖಾಲಿಯಾದಾಗ, ಕಣ್ಣು ತೆರೆಯದೆಯೇ, "ಇನ್ನೊಂದು," ಎಂದಳು.

ನನಗೆ ಅಷ್ಟು ಬಾಯಾರಿಕೆ ಇರಲಿಲ್ಲ. ತುಂಬಿಸಿಕೊಂಡು ಬಂದು, ಅವಳ ಕಿವಿಯ ಹತ್ತಿರ ಕೂತು, ಅದನ್ನೂ ಕುಡಿದೆ.