ಗೋಸುಂಬೆಗೊಂದು ಕರಿಬೇವಿನ ಗಿಡ

ಜಯಾ ಗಂಡನ ಮಧ್ಯಾಹ್ನದ ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು. ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಬರುವವಳು ಅಮೆರಿಕದ ಎಲಿಕಾಟ್ ಸಿಟಿಯ ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ, ಕೆಳಗಿನ ಮನೆಯ ಶ್ರೀಲತಾ.

"ಜಯಾ, ಒಂದು ಖಾಲಿ ಡಬ್ಬಿ ಕೊಡ್ರೀ ಬೇಗ. ಕವರ್ ಕಡಿದು ಹೊರಗೆ ಬಂದ್ಬಿಡ್ತವೆ!"

ಅವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದೊಳಗೆ ಜೀರುಂಡೆಗಳು ಹಬ್ಬದ ಬಸ್ಸಿನ ಜನರಂತೆ ಒಂದರ ಮೇಲೊಂದು ಹತ್ತುತ್ತಿದ್ದವು. ಗೋಸುಂಬೆಯ ಊಟ.

ಆ ಅಪಾರ್ಟ್‌ಮೆಂಟಿನ ಕನ್ನಡದವರಲ್ಲಿ ಒಂದು ಪದ್ಧತಿಯಿತ್ತು. ಪ್ರಾಜೆಕ್ಟ್ ಮುಗಿದು ಊರು ಬಿಡುವವರು ಸಾಮಾನನ್ನು ಉಳಿಯುವವರಿಗೆ ಕೊಟ್ಟು ಹೋಗುತ್ತಿದ್ದರು. ಜಯಾಳ ಮನೆಯ ಸೋಫಾ ವೀರಣ್ಣನವರದು, ಊಟದ ಮೇಜು ಕೇಶವಮೂರ್ತಿಯವರದು. ಕೊಟ್ಟವರು ಯಾವ ಊರಿನಲ್ಲಿದ್ದಾರೋ ತಿಳಿಯದು, ಹೆಸರು ಮಾತ್ರ ಸಾಮಾನಿಗೆ ಅಂಟಿಕೊಂಡಿತ್ತು. "ವೀರಣ್ಣನ ಮೇಲೆ ಕುಣೀಬೇಡ, ಕೇಶವಮೂರ್ತೀನ ಒರೆಸು" ಎಂದೇ ಆ ಮನೆಯಲ್ಲಿ ಮಾತು. ಜಯಾಳದೇ ಎಂದು ಇದ್ದದ್ದು ಒಂದು ಕರಿಬೇವಿನ ಗಿಡ. ಬೀಜ ಹಾಕಿ, ಚಳಿಗಾಲದಲ್ಲಿ ಹಸುಗೂಸಿನಂತೆ ಒಳಗೆ ಎತ್ತಿಟ್ಟು, ಸೊಂಟದೆತ್ತರಕ್ಕೆ ಬೆಳೆಸಿದ್ದಳು. ಎಲೆ ಕೇಳಲು ಬಂದವರಿಗೆ ಎಣಿಸಿ ಕೊಡುತ್ತಿದ್ದಳು.

ಈಗ ಹೊರಟಿದ್ದವರು ಶ್ರೀಲತಾ ಮತ್ತು ಅವಳ ಗಂಡ ಪ್ರತಾಪ್. ಪ್ರತಾಪ್ ಮತ್ತು ಜಯಾಳ ಗಂಡ ಗೋಪಿನಾಥ ಒಂದೇ ಕನ್ಸಲ್ಟೆನ್ಸಿಯವರು, ಒಂದೇ ಕ್ಲೈಂಟಿನ ಬಳಿ ಕೆಲಸ. ಇಬ್ಬರಲ್ಲಿ ಒಬ್ಬರು ಸಾಕು ಎಂದು ಕ್ಲೈಂಟ್ ಹೇಳಿದ್ದರಿಂದ ಗೋಪಿನಾಥನನ್ನು ಉಳಿಸಿ ಪ್ರತಾಪನನ್ನು ಅಟ್ಲಾಂಟಾಕ್ಕೆ ಹಾಕಿದ್ದರು. ಅವರ ಮಗ ವಿಘ್ನೇಶನಿಗೆ ತಾನು ಸಾಕಿದ್ದ ಗೋಸುಂಬೆ ಬೇಸರವಾಗಿತ್ತು. ಅದು ಜಯಾಳ ಮಗಳು ದೀಕ್ಷಿತಾಳ ಪಾಲಿಗೆ ಬಂದಿತ್ತು.

ಹಲ್ಲಿ ಕಂಡರೆ ಪೊರಕೆ ಹುಡುಕುವ ಜಯಾ ಇದಕ್ಕೆ ಒಪ್ಪಿದ್ದಕ್ಕೆ ಕಾರಣವಿತ್ತು. ಹಿಂದಿನ ಸಲ ಊರು ಬದಲಾಯಿಸಿದಾಗ, ಮನೆ ಹೊಂದಿಸಿಕೊಳ್ಳುವವರೆಗೆ ಇರಲಿ ಎಂದು ಮಗಳನ್ನು ಮೈಸೂರಿನಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದರು. ಹೊಂದಿಸಿಕೊಳ್ಳುವಷ್ಟರಲ್ಲಿ ವರ್ಷ ಕಳೆಯಿತು. ತಿರುಗಿ ಬಂದ ಮಗು ಏನನ್ನೂ ಬೇಕೆಂದು ಕೇಳುತ್ತಿರಲಿಲ್ಲ. ಬೊಂಬೆ ಕೊಡಿಸಿದರೆ ಥ್ಯಾಂಕ್ಯೂ ಎನ್ನುತ್ತಿದ್ದಳು, ನೆಂಟರ ಮಗುವಿನಂತೆ. ಏಳು ವರ್ಷದ ಅವಳು ಈಗ ಮೊದಲ ಬಾರಿಗೆ ಒಂದನ್ನು ಕೇಳಿದ್ದಳು. ಅದು ಹುಲಿಯಾಗಿದ್ದರೂ ಜಯಾ ಒಪ್ಪುತ್ತಿದ್ದಳು.

ತೊಳೆದಿಟ್ಟಿದ್ದ ಮೊಸರಿನ ಡಬ್ಬಿಯೊಂದಕ್ಕೆ ಶ್ರೀಲತಾ ಹುಳ ಸುರಿದು, ಮುಚ್ಚಳಕ್ಕೆ ಫೋರ್ಕಿನಿಂದ ತೂತು ಹೊಡೆದಳು. ಅಂಥದೇ ಇನ್ನೊಂದು ಡಬ್ಬಿಗೆ ಜಯಾ ಮೊಸರನ್ನ ತುಂಬಿದಳು. ಅಷ್ಟರಲ್ಲಿ ಗೋಪಿನಾಥ ಟೈಯನ್ನು ಮೂಗುದಾರದಂತೆ ಎಳೆದುಕೊಳ್ಳುತ್ತ ಬಂದ.

"ಲೇಟಾಯ್ತು ಕಣೇ! ಇವತ್ತು ವೈಸ್ ಪ್ರೆಸಿಡೆಂಟ್ ಜೊತೆ ಲಂಚ್ ಮೀಟಿಂಗು. ಅವರಿಗೆಲ್ಲ ಪಿಜ್ಜಾ, ನನಗೆ ನನ್ನ ಮೊಸರನ್ನ." ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಓಡಿದ.

ಶ್ರೀಲತಾ ಸೊಂಟಕ್ಕೆ ಕೈಯಿಟ್ಟು ಪಾಠ ಶುರುಮಾಡಿದಳು. "ಬಟ್ಟಲಲ್ಲಿ ನೀರಿಟ್ರೆ ಕುಡಿಯಲ್ಲ, ಎಲೆ ಮೇಲಿನ ಹನಿ ನೆಕ್ಕತ್ತೆ. ಅದಕ್ಕೇ ಗೂಡಲ್ಲಿ ಗಿಡ ಬೇಕು. ಅಂಗಡೀದು ಬೇಡಪ್ಪಾ, ಔಷಧಿ ಹೊಡೆದಿರ್ತಾರೆ. ನಿಮ್ಮ ಕರಿಬೇವೇ ಬೆಸ್ಟು."

ಜಯಾ ಗಿಡದ ಕಡೆ ನೋಡಿದಳು. ಶಾಲೆಗೆ ರಜೆಯಿದ್ದು ಪಕ್ಕದಲ್ಲೇ ನಿಂತಿದ್ದ ಮಗಳ ಮುಖ ನೋಡಿದಳು. ಗಿಡವನ್ನು ಎತ್ತಿ ತಂದಳು.

ಶ್ರೀಲತಾ ಕೊಟ್ಟ ಗೂಡಿನ ಒಂದು ಮಗ್ಗುಲು ಹರಿದಿತ್ತು. ಜಯಾ ಹಪ್ಪಳಕ್ಕೆ ಹೊದಿಸುವ ನೈಲಾನ್ ಬಲೆ ತಂದು ಹೊಲಿದಳು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಗೋಸುಂಬೆಯ ಮಳೆಯಾಯಿತು. ದೀಕ್ಷಿತಾ ಪಕ್ಕದಲ್ಲಿ ಕೂತು ದಾರ ಕೊಡುತ್ತಿದ್ದಳು.

"ಅಮ್ಮಾ, ಆಂಟಿ ಇದನ್ನ ಯಾಕೆ ಕೊಡ್ತಾರೆ?"

"ಅವರು ಮೂವ್ ಆಗ್ತಿದಾರಲ್ಲ ಪುಟ್ಟಾ."

"ಮೂವ್ ಆಗುವಾಗ ಎಲ್ಲಾ ಕೊಡ್ಬೇಕಾ?"

"ಎಲ್ಲಾ ಅಲ್ಲ. ಜೊತೇಲಿ ಕರ್ಕೊಂಡು ಹೋಗಕ್ಕೆ ಕಷ್ಟ ಆಗೋದನ್ನ."

ಮಗು ಮತ್ತೆ ಬಾಯಿ ತೆರೆಯಿತು. ಅಷ್ಟರಲ್ಲಿ ಗೋಸುಂಬೆ ಬೆಚ್ಚಗಿರಲೆಂದು ಗೂಡಿಗೆ ಹಾಕಿದ್ದ ದೀಪದ ಕಾವಿಗೆ ನೈಲಾನ್ ಕರಗಿ, ಹೊಗೆ ಎದ್ದು, ಚಾವಣಿಯ ಅಲಾರಂ ಕಿವಿ ಹರಿಯುವಂತೆ ಚೀರಿತು. ಜಯಾ ಸೆರಗಿಲ್ಲದ ನೈಟಿಯಲ್ಲಿ ಸ್ಟೂಲು ಹತ್ತಿ ಟವೆಲು ಬೀಸಿದಳು. ಕಾಲು ತಗಲಿ ಗಿಡದ ಕುಂಡ ಉರುಳಿ ಕಾರ್ಪೆಟ್ ತುಂಬ ಮಣ್ಣಾಯಿತು.

"ನಮ್ಮನೇಲಿ ಒಂದಿನಾನೂ ಹೀಗಾಗಿಲ್ಲಪ್ಪ" ಎಂದಳು ಶ್ರೀಲತಾ, ವೀರಣ್ಣನವರ ಮೇಲೆ ಆರಾಮಾಗಿ ಕೂತು.

ಮಧ್ಯಾಹ್ನದ ಹೊತ್ತಿಗೆ ಗೋಸುಂಬೆ ಬಂದು ಕರಿಬೇವಿನ ಕೊಂಬೆ ಹಿಡಿಯಿತು. ಒಂದು ಕಣ್ಣು ಜಯಾಳ ಕಡೆ, ಇನ್ನೊಂದು ಮಗಳ ಕಡೆ. ಒಲೆಯನ್ನೂ ಮಗುವನ್ನೂ ಒಟ್ಟಿಗೆ ನೋಡಿಕೊಳ್ಳಬೇಕಾದ ತನಗಲ್ಲವೇ ಇಂಥ ಕಣ್ಣು ಬೇಕಿದ್ದದ್ದು ಎಂದುಕೊಂಡಳು ಜಯಾ.

"ಹೆಸರೇನಿಡ್ತೀಯೇ?"

"ನಾಟ್ ಯೆಟ್" ಎಂದಳು ದೀಕ್ಷಿತಾ. ಆದರೆ ನಗುತ್ತಿದ್ದಳು.

"ಹಾಗಾದ್ರೆ ಮೊದಲು ಊಟ" ಎಂದು ಜಯಾ ಡಬ್ಬಿ ತೆಗೆದಳು. ಒಳಗೆ ಸಾಸಿವೆ, ಶುಂಠಿ, ಕರಿಬೇವಿನ ಎಲೆ. ಮುಚ್ಚಳ ತಿರುಗಿಸಿ ನೋಡಿದಳು. ತೂತಿರಲಿಲ್ಲ.

ಆಫೀಸಿಗೆ ಫೋನ್ ಮಾಡಿದಳು. ಗಂಡನ ಧ್ವನಿಯೇ ಬಂತು, ಈಗ ನಾನು ಸೀಟಿನಲ್ಲಿಲ್ಲ, ಸಂದೇಶ ಬಿಡಿ ಎಂದು. ಮತ್ತೆ ಮಾಡಿದಳು. ಅದೇ ಧ್ವನಿ. "ಡಬ್ಬಿ ತೆಗೀಬೇಡಿ ರೀ!" ಎಂದು ಮೆಷಿನ್ನಿಗೇ ಕೂಗಿ ಹೇಳಿದಳು.

ಸಂಜೆ ಗೋಪಿನಾಥ ಬಂದು ಬೂಟು ಕಳಚದೆ ಕೂತ.

"ತೆಗೆದ್ರಾ?"

"ತೆಗೆದೆ. ಒಂದು ಹುಳ ವೈಸ್ ಪ್ರೆಸಿಡೆಂಟರ ಪಿಜ್ಜಾ ಮೇಲೆ ಕೂತ್ಕೊಳ್ತು. ಮಿಕ್ಕವು ಕಂಪ್ಯೂಟರ್ ರೂಮಿಗೆ ಹೋದ್ವು. ಮಧ್ಯಾಹ್ನವೆಲ್ಲ ಅಲ್ಲಿಂದ ಕಿರ್ ಕಿರ್ ಅಂತ ಸಂಗೀತ ಕಚೇರಿ."

"ಬೈದ್ರಾ?"

"ಇಲ್ಲ. ನಕ್ಕರು. ನಿಮ್ಮ ದೇಶದಲ್ಲಿ ಇದನ್ನ ತಿಂತೀರಾ ಅಂದ್ರು. ನಾನು ವೆಜಿಟೇರಿಯನ್ ಅಂದೆ. ಇನ್ನೂ ಜೋರಾಗಿ ನಕ್ಕರು." ಟೈ ಬಿಚ್ಚಿ ಕೈಯಲ್ಲಿ ಸುತ್ತಿಕೊಂಡ. "ಆಮೇಲೆ ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಪ್ರತಾಪ್ ಇಲ್ಲೇ ಇರ್ತಾನಂತೆ. ಅವನಿಗೆ ಬುಕ್ ಮಾಡಿದ್ದ ಟ್ರಕ್ಕಲ್ಲಿ ನಮ್ಮ ಸಾಮಾನು ಹೋಗುತ್ತಂತೆ."

ಜಯಾ ಬಾಯಿ ತೆರೆಯುವ ಮೊದಲೇ ಗಂಟೆ ಹೊಡೆಯಿತು.

"ಈಗ್ತಾನೆ ಪ್ರತಾಪ್ ಹೇಳಿದ್ರು, ನನಗೆ ಎಷ್ಟು ಬೇಜಾರಾಯ್ತು ಗೊತ್ತಾ!" ಎನ್ನುತ್ತ ಬಂದಳು ಶ್ರೀಲತಾ. ಹಿಂದೆ ವಿಘ್ನೇಶ್ ನಿಂತಿದ್ದ. "ಬೆಳಿಗ್ಗೇನೇ ಅಂದ್ಕೊಂಡೆ, ಡಬ್ಬೀನ ಬೇರೆ ಕಡೆ ಇಡಕ್ಕೆ ಹೇಳ್ಬೇಕಿತ್ತು ಅಂತ. ಇರ್ಲಿ. ಇವನು ಗೋಸುಂಬೆ ಇಲ್ದೆ ಮಧ್ಯಾಹ್ನದಿಂದ ಊಟಾನೇ ಮಾಡಿಲ್ಲ. ನಿಮಗೂ ಅಟ್ಲಾಂಟಾದಲ್ಲಿ ಕಷ್ಟ ಅಲ್ವಾ?"

ವಿಘ್ನೇಶ್ ಬಾಯಿ ತುಂಬ ಚಿಪ್ಸ್ ಅಗಿಯುತ್ತಿದ್ದ.

"ತಗೊಂಡು ಹೋಗಿ" ಎಂದಳು ಜಯಾ.

"ಗಿಡಾನೂ ಗೂಡಲ್ಲೇ ಇರ್ಲಿ ಅಲ್ವಾ? ಟ್ರಕ್ಕಲ್ಲಿ ಒಣಗೋಗತ್ತೆ ಪಾಪ. ಗೋಸುಂಬೆಗೂ ಅಭ್ಯಾಸ ಆಗಿದೆ." ಗೂಡಿನ ಒಂದು ತುದಿ ಹಿಡಿದು, ಮಗನಿಗೆ ಇನ್ನೊಂದು ತುದಿ ಹಿಡಿಸಿ, ಬಾಗಿಲಲ್ಲಿ ತಿರುಗಿ ನಿಂತಳು. "ವೀರಣ್ಣನವರ ಸೋಫಾ ಇನ್ನೂ ಯಾರಿಗೂ ಹೇಳಿಲ್ಲ ತಾನೇ?"

ಗೋಸುಂಬೆ ಮಾತ್ರ ಮಧ್ಯಾಹ್ನದಿಂದ ಒಂದೇ ಬಣ್ಣದಲ್ಲಿತ್ತು.

ಬಾಗಿಲು ಮುಚ್ಚಿತು. ದೀಕ್ಷಿತಾ ಅಳಲಿಲ್ಲ. ಕಾರ್ಪೆಟ್ಟಿನ ಮೇಲೆ ಉಳಿದಿದ್ದ ಮಣ್ಣನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು. ಜಯಾ ಅವಳ ಪಕ್ಕ ಕೂತು ತಲೆ ಸವರಿದಳು.

"ಅಲ್ಲಿ ಮೊದಲು ಗೆಸ್ಟ್ ಹೌಸ್ ಅಂತೆ" ಎಂದ ಗೋಪಿನಾಥ, ನೆಲ ನೋಡುತ್ತ. "ಬೇರೆ ಕನ್ಸಲ್ಟೆಂಟ್ಸ್ ಜೊತೆ, ಒಂದೇ ರೂಮು. ಮನೆ ಹೊಂದಿಸಿಕೊಳ್ಳೋವರೆಗೂ ನಾವು..."

ಮಗಳ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದ. ಜಯಾಳ ಕೈಯೂ ಮಗುವಿನ ತಲೆಯ ಮೇಲೆ ನಿಂತಿತು.

ದೀಕ್ಷಿತಾ ಮಣ್ಣಿನಿಂದ ಕಣ್ಣೆತ್ತಿದಳು. ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದುದನ್ನು, ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಸಹಜವಾಗಿ, ಗಟ್ಟಿಯಾಗಿಯೇ ಕೇಳಿದಳು:

"ಅಮ್ಮಾ, ಈ ಸಲ ನನ್ನ ಯಾರಿಗೆ ಕೊಡ್ತೀರ?"